ತೆಲಸಂಗದ ಮರಡಿಯಲ್ಲಿ ಆಕಾಶ ಕಾಯುವ ಸುಂದರಾ

ಮೂಡಣ ಇನ್ನೂ ಕೆಂಪೇರಿಲ್ಲ. ಸುಂದರಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂರು ಕಡ್ಡಿಯ ಕೈ ಆಂಟೆನಾ ಹಿಡಿದು, ತೆಲಸಂಗದ ಮರಡಿ ಗುಡ್ಡದಿಂದ ಹೊಲದ ಬದುವಿಗೆ ಇಳಿದಿದ್ದಾಳೆ. ಕೊರಳಲ್ಲಿ ಜೋತ ರೇಡಿಯೋ ‘ಟಕ್... ಟಕ್...’ ಎನ್ನುತ್ತಿದೆ. ಅತ್ತ ತಿರುಗಿದರೆ ಸದ್ದು ಕುಗ್ಗುತ್ತದೆ, ಇತ್ತ ತಿರುಗಿದರೆ ಏರುತ್ತದೆ. “ಯಾರೋ ಒಬ್ರು ಮಾತ ತಪ್ಪ್ಯಾರ!” ಎಂದು ಹಲ್ಲು ಕಡಿಯುತ್ತಾಳೆ.

ಮರಡಿಯ ಮೇಲಿರುವುದು ರೇಡಿಯೋ ದೂರದರ್ಶಕ. ಕಣ್ಣಿನಿಂದಲ್ಲ, ಕಿವಿಯಿಂದ ಆಕಾಶ ನೋಡುವ ಆಂಟೆನಾಗಳ ಸಾಲು. ನಕ್ಷತ್ರಗಳಿಂದ ಬರುವ ಅಲೆ ಎಷ್ಟು ನವಿರೆಂದರೆ, ಹತ್ತಿರದ ಒಂದು ಕಿಡಿ ಅದನ್ನು ಮುಳುಗಿಸಿಬಿಡುತ್ತದೆ. ಹಂದಿ ಓಡಿಸಲು ಹೊಲಕ್ಕೆ ಹಾಕುವ ಬ್ಯಾಟರಿ ಕರೆಂಟಿನ ಝಟಕಾ ಬೇಲಿಯೂ ‘ಟಕ್ ಟಕ್’ ಎಂದು ಅಂಥದೇ ಕಿಡಿ ಹಾರಿಸುತ್ತದೆ. ಅದನ್ನು ಹುಡುಕಿ ಸುಮ್ಮನಾಗಿಸುವುದು ಸುಂದರಾಳ ಕೆಲಸ. ಕುರಿ ಮೇಯಿಸಿ ಬೆಳೆದವಳು, ಇಲ್ಲಿಯ ಬದುಗಳೆಲ್ಲ ಅವಳ ಕಾಲಿಗೆ ಬಾಯಿಪಾಠ. ಉಪಗ್ರಹ ಹಾರಿಸಿದವರ ಫೋಟೊ ಮುಖಪುಟಕ್ಕೆ ಹೋಗುತ್ತದೆ. ಇವಳ ಹೆಸರು ಅಥಣಿ ಬಸ್ ಸ್ಟ್ಯಾಂಡ್ ತನಕವೂ ಹೋಗಿಲ್ಲ!

ಈಗಿನ ಜಗಳವೂ ಆ ಹಾರಿಸಿದವರ ಜೊತೆಗೇ. ಇಂಟರ್ನೆಟ್ ಉಪಗ್ರಹಗಳು ಮರಡಿಯ ಮೇಲೆ ಹಾಯುವಾಗಲೆಲ್ಲ, ನಕ್ಷತ್ರಗಳಿಗೆಂದು ಬಿಟ್ಟ ತರಂಗಾಂತರದೊಳಗೆ ಅವುಗಳ ಸದ್ದು ಸೋರುತ್ತದೆ. ದೂರು ಕೊಟ್ಟರೆ ಕಂಪನಿಯವರು, ಗದ್ದಲ ನಿಮ್ಮ ಊರಿನದೇ ಎಂದುಬಿಟ್ಟರು. ಕದ್ದವನು ಮನೆಯವರನ್ನೇ ಕಳ್ಳರೆಂದ ಹಾಗೆ. ನೆಲವೆಲ್ಲ ಸುಮ್ಮನಿರುವ ಒಂದು ಬೆಳಗು ತೋರಿಸಿ, ಆಗಲೂ ಸದ್ದು ಬಂದರೆ ಸರಿಪಡಿಸುತ್ತೇವೆ ಎಂಬುದು ಅವರ ಷರತ್ತು. ಆ ಬೆಳಗು ಇವತ್ತು. ಊರಿನ ಝಟಕಾ ಬೇಲಿಗಳೆಲ್ಲ ಬಂದ್ ಇರಬೇಕು.

ಬೇಲಿ ಬಂದ್ ಆದರೆ ಗೋವಿನಜೋಳ ಹಂದಿಯ ಪಾಲು. ನೆರೆಹೊಲದ ರಾವಸಾಹೇಬ ನಿನ್ನೆ ಸಂಜೆ ಕಟ್ಟೆಯ ಮೇಲೆ ನೆಟ್ಟಗೆ ಕೇಳಿದ್ದ: “ನಿನ್ನ ಚುಕ್ಕಿ ಸಲುವಾಗಿ ನಮ್ಮ ಬೆಳಿ ಹಂದಿಗೆ ಉಣಸ್ಬೇಕೇನ ತಂಗಿ?”

“ಹೋಳಿ ಹುಣ್ಣಿವಿ ಹಲಗಿ ತಗೀರಿ ಅಣ್ಣಾ. ಡಬ್ಬಿ ಬಡೀರಿ, ತಾಟ ಬಡೀರಿ, ಬೊಬ್ಬಿ ಹೊಡೀರಿ. ಆಂಟೆನಾಕ ಅದ್ಯಾವದೂ ಕೇಳಸೂದಿಲ್ಲ.”

ಅದಕ್ಕೇ ಈಗ ಸುತ್ತಲ ಹೊಲಗಳಲ್ಲಿ ಹಲಗಿ, ಡಬ್ಬಿ, ಕೇಕೆ. ಊರಿಗೆ ಊರೇ ನಸುಕಿನಲ್ಲಿ ಕುಣಿಯುತ್ತಿದೆ, ಹಂದಿಗಳು ಓಟ ಕಿತ್ತಿವೆ. ರೇಡಿಯೋದಲ್ಲಿ ಮಾತ್ರ ಆ ಒಂದು ‘ಟಕ್’. ಉಪಗ್ರಹ ಹಾಯಲು ಇನ್ನು ಸ್ವಲ್ಪವೇ ಹೊತ್ತು. ಆಂಟೆನಾ ತೋರಿದ ದಿಕ್ಕಿಗೆ ಬಿರಬಿರನೆ ನಡೆದ ಸುಂದರಾ ಬಂದು ನಿಂತದ್ದು ತನ್ನದೇ ಹಿತ್ತಿಲಲ್ಲಿ! ಓಣಿಯ ಆಡುಗಳಿಗೆ ಹೆದರಿ ಅತ್ತೆ ಅಕ್ಕುತಾಯಿ ಬದನೆ ಗಿಡಕ್ಕೆ ಝಟಕಾ ಹಚ್ಚಿ ಕೂತಿದ್ದಾಳೆ.

“ಅತ್ತೀ! ಊರಿಗೆಲ್ಲಾ ಬಂದ್ ಮಾಡ್ರಿ ಅಂತ ಹೇಳೀನಿ, ನೀ ಹಚ್ಚೀದಿಯಲ್ಲ!”

“ಊರಿಗೆ ಹೇಳೀದಿ ಬೇ. ನನಗ ಯಾರ ಹೇಳ್ಯಾರ?”

ನಿಜವೇ. ಮನೆ ಮನೆ ತಿರುಗಿದವಳು ತನ್ನ ಮನೆಯೊಂದನ್ನು ಬಿಟ್ಟಿದ್ದಳು. ಗೋಡೆಯಾಚೆ ರಾವಸಾಹೇಬ ಹಲಗಿ ಬಿಟ್ಟು ಹೊಟ್ಟೆ ಹಿಡಿದು ನಗುತ್ತಾನೆ: “ಬರ್ರೆಪ್ಪೋ, ಗದ್ದಲ ಮಾಡಾವ್ರು ಚುಕ್ಕಿ ಕಾಯೂ ವಾಚಮನ್ ಮನ್ಯಾಗ ಸಿಕ್ಕಾರ!” ಸುಂದರಾ ನಗುತ್ತಲೇ ಬ್ಯಾಟರಿಯ ವೈರು ಕೀಳುತ್ತಾಳೆ. ರೇಡಿಯೋ ಗಪ್ಪಾಗುತ್ತದೆ.

ಮರಡಿಗೆ ಮೊಬೈಲ್ ತರುವಂತಿಲ್ಲ. ನೆಲ ಸುಮ್ಮನಾಯಿತೆಂದು ದೂರದರ್ಶಕದ ಇಂಜಿನಿಯರ್ ಪಾರಿಸ ಅಲ್ಲಿಯ ಮಾಳಿಗೆಯಿಂದ ಟವೆಲ್ ಬೀಸುತ್ತಾರೆ. ಸ್ವಲ್ಪ ಹೊತ್ತಿಗೆ ಮತ್ತೆ ಬೀಸುತ್ತಾರೆ, ಈ ಸಲ ಎರಡೂ ಕೈಯಿಂದ. ಉಪಗ್ರಹ ಹಾಯ್ದಿದೆ, ಪರದೆಯ ಮೇಲೆ ಬರೀ ಅದರ ಗದ್ದಲದ ಗೆರೆ, ಬೇರೆ ಯಾರದೂ ಇಲ್ಲ. ಕಂಪನಿಯವರು ಸಿಕ್ಕಿಬಿದ್ದರು! ಹಲಗಿಗಳು ಮತ್ತೊಮ್ಮೆ ಭೋರಿಡುತ್ತವೆ.

ಕೆಲವೇ ವಾರಗಳಲ್ಲಿ ಕಂಪನಿ ತಪ್ಪು ಒಪ್ಪಿಕೊಂಡು, ಮರಡಿಯ ಮೇಲೆ ಹಾಯುವಾಗ ತನ್ನ ಉಪಗ್ರಹಗಳ ಸದ್ದು ನಿಲ್ಲಿಸುತ್ತದೆ. ಪಾರಿಸ ಸುಂದರಾಳ ಕಿವಿಗೆ ಹೆಡ್‌ಫೋನ್ ಇಟ್ಟು, ಇದು ನಕ್ಷತ್ರಗಳ ದನಿ ಎನ್ನುತ್ತಾರೆ. “ಎಳ್ಳ ಹುರದಂಗ ಕೇಳತೈತಲ್ರಿ ಸರ!” ಎಂದು ಅವಳು ಕಣ್ಣರಳಿಸುತ್ತಾಳೆ.

ಇನ್ನೇನು ಆಸೆ ಎಂದು ಕೇಳಿದರೆ ನಾಚಿ ನಗುತ್ತಾಳೆ.

“ಬ್ಯಾರೆ ಏನ ಬೇಕ್ರಿ? ಎಷ್ಟ ದೊಡ್ಡ ಮಂದೀದ ಉಪಗ್ರಹ ಇದ್ರೂ ನಮ್ಮ ಮರಡಿ ಮ್ಯಾಲ ಬಾಯಿ ಮುಚಗೊಂಡ ಹೋಗಬೇಕು. ಈಗ ಹಂಗ ಹೊಂಟಾವ.”