ಹದಿನೆಂಟು ಸಂಕ್ರಮಣಗಳ ಸರ್ವರ್

ಮೇ ತಿಂಗಳ ಸೆಕೆಯಲ್ಲಿಯೂ ಉಣ್ಣೆಯ ಸ್ವೆಟರನ್ನು ಕಂಕುಳಲ್ಲಿ ಇಟ್ಟುಕೊಂಡು ಕುಂಬಳೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವನು ಜಿತೇಂದ್ರನೊಬ್ಬನೇ. "ಎಂತ ಮಾರಾಯ, ಊಟಿಗಾ?" ಎಂದು ಕಂಡಕ್ಟರು ಕೇಳುವುದಿತ್ತು. "ಅಲ್ಲ, ಆಸ್ಪತ್ರೆಗೆ" ಎಂದರೆ, "ಹಾಗಾದ್ರೆ ಚಳಿಜ್ವರ" ಎಂದು ನಗುತ್ತಿದ್ದರು.

ಅವನು ನನ್ನ ಹಳೆಯ ವಿದ್ಯಾರ್ಥಿ. ಎಂಟನೆಯಿಂದ ಹತ್ತನೆಯ ತರಗತಿಯವರೆಗೆ ನನ್ನಲ್ಲಿ ಕನ್ನಡ ಕಲಿತವನು. ಕರಿಹಲಗೆ ಒರಸಲು ಹೇಳಿದರೆ "ಅಳಿಸಬಹುದಾ ಸರ್?" ಎಂದು ಎರಡು ಸಲ ಕೇಳಿ, ಮತ್ತೂ ಒಂದು ಮೂಲೆಯಲ್ಲಿ ನಾಲ್ಕು ಅಕ್ಷರ ಉಳಿಸುತ್ತಿದ್ದ ಹುಡುಗ. ಮುಂದೆ ಕಂಪ್ಯೂಟರ್ ವಿಷಯದಲ್ಲಿ ಪದವಿ ಪಡೆದು, ಕಾಸರಗೋಡು ಪೇಟೆಯ ಹೊರಗೆ ಹೆದ್ದಾರಿಯ ಬದಿಯಲ್ಲಿರುವ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದನು. ಹನ್ನೊಂದು ವರ್ಷ ಅವನು ಕುಳಿತುಕೊಂಡದ್ದು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಹಿಂದೆ ಅದು ಎಕ್ಸ್‌ರೇ ಫಿಲ್ಮುಗಳನ್ನು ಇಡುವ ಕತ್ತಲೆಕೋಣೆಯಾಗಿತ್ತು. ಈಗ ಅಲ್ಲಿ ಆಸ್ಪತ್ರೆಯ ಸರ್ವರುಗಳಿವೆ. ಯಂತ್ರಗಳು ಬಿಸಿಯೇರಬಾರದೆಂದು ಕೋಣೆಯನ್ನು ಸದಾ ಹದಿನೆಂಟು ಡಿಗ್ರಿಯಲ್ಲಿ ಇಡಬೇಕು. ಸ್ವೆಟರಿನ ಗುಟ್ಟು ಇಷ್ಟೇ.

ಅವನ ಕೆಲಸವೇನೆಂದು ನಾನು ಒಮ್ಮೆ ಕೇಳಿದಾಗ ಅವನು ನಮ್ಮ ಶಾಲೆಯನ್ನೇ ಉದಾಹರಣೆಗೆ ತೆಗೆದುಕೊಂಡನು. ನಮ್ಮಲ್ಲಿ ಒಂದು ಉದ್ದನೆಯ ಹಾಲ್ ಇತ್ತು. ಬಿದಿರಿನ ತಟ್ಟಿಗಳನ್ನು ಅಡ್ಡ ನಿಲ್ಲಿಸಿ ಅದರೊಳಗೆ ನಾಲ್ಕು ತರಗತಿಗಳು ನಡೆಯುತ್ತಿದ್ದವು. ಎರಡು ಕನ್ನಡದವು, ಎರಡು ಮಲಯಾಳದವು. ಪ್ರತಿ ತರಗತಿಗೂ ತಾನೇ ಒಂದು ಶಾಲೆಯೆಂಬ ಭಾವನೆ. ಬೆಂಚು, ಸೀಮೆಸುಣ್ಣ, ಭೂಪಟ ಯಾರಿಗೆ ಎಷ್ಟು ಎಂದು ಹಂಚುವವರು ಮಾತ್ರ ಒಬ್ಬರೇ ಮುಖ್ಯೋಪಾಧ್ಯಾಯರು.

"ಹಾಗೆಯೇ ಸರ್," ಎಂದನು. "ಮೊದಲು ಲ್ಯಾಬಿಗೆ ಒಂದು ಸರ್ವರ್, ಔಷಧಿ ಅಂಗಡಿಗೆ ಒಂದು, ರೋಗಿಗಳ ದಾಖಲೆಗೆ ಒಂದು, ಹೀಗೆ ಒಂಬತ್ತು ಇತ್ತು. ಒಂದೊಂದೂ ಮುಕ್ಕಾಲು ದಿವಸ ಸುಮ್ಮನೆ ಕೂತಿರ್ತದೆ. ಈಗ ಎರಡೇ ದೊಡ್ಡ ಯಂತ್ರ. ಅದರೊಳಗೆ ತಟ್ಟಿ ಹಾಕಿ ಒಂಬತ್ತು ಯಂತ್ರ ಮಾಡಿದ್ದೇನೆ. ಕಣ್ಣಿಗೆ ಕಾಣುದಿಲ್ಲ, ಆದರೆ ಉಂಟು."

"ಹೆಡ್ಮಾಸ್ಟ್ರು?"

"ಅದೊಂದು ತಂತ್ರಾಂಶ. ಹೈಪರ್‌ವೈಸರ್ ಅಂತ ಹೆಸರು. ಯಾರಿಗೆ ಎಷ್ಟು ಮೆಮೊರಿ, ಎಷ್ಟು ಜಾಗ ಅಂತ ಅದು ಹಂಚ್ತದೆ. ಒಂದು ದೊಡ್ಡ ಯಂತ್ರವನ್ನು ರಿಪೇರಿಗೆ ಬಿಚ್ಚಬೇಕಾದ್ರೆ ಅದರೊಳಗಿನ ಎಲ್ಲ ಕಾಣದ ಯಂತ್ರಗಳನ್ನು ಇನ್ನೊಂದಕ್ಕೆ ದಾಟಿಸಿದ್ರೆ ಆಯ್ತು. ಪಾಠ ನಿಲ್ಲುದೇ ಇಲ್ಲ. ಕೂತ ಮಕ್ಕಳಿಗೆ ಹಾಲ್ ಬದಲಾದದ್ದು ಗೊತ್ತೇ ಆಗುದಿಲ್ಲ."

ಯಂತ್ರಗಳಿಗೆ ಇಷ್ಟು ಸಲೀಸಾದದ್ದು ಅವನಿಗೆ ದಕ್ಕಲಿಲ್ಲ. ದೊಡ್ಡ ಯಂತ್ರಗಳು ಎರಡಿದ್ದವು, ಅವುಗಳನ್ನು ಬಲ್ಲ ಮನುಷ್ಯ ಒಬ್ಬನೇ. ಆದುದರಿಂದ ಅವನು ರಜೆಯಲ್ಲಿದ್ದರೂ ರಜೆಯಲ್ಲಿರಲಿಲ್ಲ. ಎಡನೀರಿನಲ್ಲಿ ತಾಳಮದ್ದಳೆ ಕೇಳಲು ಕುಳಿತರೆ ಬಾಗಿಲ ಪಕ್ಕದಲ್ಲಿಯೇ ಕುಳಿತುಕೊಳ್ಳುವನು. ಮೊಬೈಲಿಗೆ ಸಿಗ್ನಲ್ ಸಿಗದ ಊರಿನ ನೆಂಟರಲ್ಲಿಗೆ ಹೋಗುವುದನ್ನೇ ಬಿಟ್ಟನು. ತಂಗಿ ನಿಖಿತಾಳ ಮದುವೆಯಲ್ಲಿ ಬಾಳೆಲೆಗೆ ಪಾಯಸ ಬೀಳುವ ಹೊತ್ತಿಗೆ ಎದ್ದುಹೋದವನು ದಿಬ್ಬಣ ಹೊರಟಮೇಲೆಯೇ ಹಿಂದಿರುಗಿದ್ದು. ಇದರ ಜೊತೆಗೆ ಆಸ್ಪತ್ರೆಯಲ್ಲಿ ಒಂದು ಪದ್ಧತಿಯಿತ್ತು. ಕೆಲಸಕ್ಕೆ ಸೇರುವಾಗ ಎಲ್ಲರೂ ತಮ್ಮ ಮೂಲ ಪ್ರಮಾಣಪತ್ರಗಳನ್ನು ಲಕೋಟೆಯಲ್ಲಿ ಹಾಕಿ ಮ್ಯಾನೇಜರರಲ್ಲಿ ಕೊಡಬೇಕು. ಅವು ಕಪಾಟಿನಲ್ಲಿರುತ್ತವೆ. ಬಿಟ್ಟುಹೋಗುವ ದಿನ ಸಿಗುತ್ತವೆ.

ಮೂವತ್ತೆಂಟು ದಾಟಿದಾಗ ಜಿತೇಂದ್ರನಿಗೆ ಸರಕಾರಿ ನೇಮಕಾತಿಯ ಆದೇಶ ಬಂತು. ಕನ್ನಡ ಮಲಯಾಳ ಎರಡನ್ನೂ ಬಲ್ಲವರಿಗಾಗಿ ನಮ್ಮ ಜಿಲ್ಲೆಯಲ್ಲಿ ಇರುವ ಗುಮಾಸ್ತ ಹುದ್ದೆ. ಬದಿಯಡ್ಕದ ಒಂದು ಕಚೇರಿಯಲ್ಲಿ. ನಾಲ್ಕು ವರ್ಷದ ಹಿಂದೆ ಬರೆದ ಪರೀಕ್ಷೆ, ಪಟ್ಟಿಯ ಕೊನೆಯಲ್ಲಿದ್ದ ಹೆಸರು. ವಯಸ್ಸಿನ ಮಿತಿ ಮೀರಿದ್ದರಿಂದ ಇನ್ನೊಂದು ಪರೀಕ್ಷೆ ಅವನಿಗೆ ಇರಲಿಲ್ಲ. ಮ್ಯಾನೇಜರ್ ವೆಂಕಟಕೃಷ್ಣರು "ಬರುವ ವಾರ ನೋಡುವ" ಎನ್ನುತ್ತಾ ಬಿಡುಗಡೆ ಕೊಡದಿದ್ದುದರಿಂದ ಒಮ್ಮೆ ಗಡುವು ಮುಂದೂಡಿಸಿಕೊಂಡಿದ್ದನು. ಎರಡನೆಯ ಬಾರಿ ಆಗದೆಂದು ಕಚೇರಿಯವರು ತಿಳಿಸಿದ್ದರು. ಜನವರಿಯ ಕೊನೆಯ ಸೋಮವಾರ ಸಂಜೆ ಐದು ಗಂಟೆಯೊಳಗೆ ಮೂಲ ಪ್ರಮಾಣಪತ್ರಗಳೊಂದಿಗೆ ಹಾಜರಾಗಬೇಕು. ಇಲ್ಲದಿದ್ದರೆ ಹುದ್ದೆ ಇಲ್ಲ.

ಅದರ ಹಿಂದಿನ ಶುಕ್ರವಾರ, ಬಿಟ್ಟುಹೋಗುವ ಮುನ್ನ ಒಪ್ಪಿಸಬೇಕಾದ ವಿವರಗಳನ್ನು ಬರೆಯುತ್ತಿದ್ದಾಗ, ಅವನಿಗೆ ತನ್ನ ತಪ್ಪು ಕಂಡಿತು.

ಅದನ್ನು ವಿವರಿಸಿ ಹೇಳಬೇಕು. ಕಾಣದ ಯಂತ್ರದಲ್ಲಿ ಏನಾದರೂ ಬದಲಾವಣೆ ಮಾಡುವ ಮೊದಲು ಅದರ ಆಗಿನ ಸ್ಥಿತಿಯನ್ನು ಹಾಗೆಯೇ ಹಿಡಿದಿಡಬಹುದು. ಅದಕ್ಕೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ. ಅಲ್ಲಿಂದ ಮುಂದೆ ಹಳೆಯ ಪುಸ್ತಕವನ್ನು ಮುಚ್ಚಿಟ್ಟು ಹೊಸತನ್ನೆಲ್ಲ ಬೇರೊಂದು ಪುಸ್ತಕದಲ್ಲಿ ಬರೆದಂತೆ. ಕೆಲಸ ಕೆಟ್ಟರೆ ಹೊಸ ಪುಸ್ತಕ ಎಸೆದು ಹಳೆಯದಕ್ಕೆ ಮರಳಬಹುದು. ಸರಿಯಾದರೆ ಎರಡು ದಿನದಲ್ಲಿ ಎರಡನ್ನೂ ಸೇರಿಸಿಬಿಡಬೇಕು. ಸೇರಿಸದಿದ್ದರೆ ಪುಸ್ತಕ ಯಂತ್ರದ ಜಾಗ ತಿನ್ನುತ್ತಾ ಬೆಳೆಯುತ್ತಲೇ ಇರುತ್ತದೆ.

ಜಿತೇಂದ್ರನ ಮನೆಯಲ್ಲಿ ತಾಯಿ ಮನೋರಮಾ ಪ್ರತಿ ಸಂಕ್ರಮಣಕ್ಕೂ ಮನೆಯ ದೈವಕ್ಕೆ ದೀಪವಿಟ್ಟು ಹಾಲು ಹಣ್ಣು ಇಡುತ್ತಾರೆ. ಒಂದು ಸಿಂಹ ಸಂಕ್ರಮಣದ ದಿನ ರೋಗಿಗಳ ದಾಖಲೆಯ ತಂತ್ರಾಂಶ ಕೆಟ್ಟು, ಅದೇ ಬೆಳಿಗ್ಗೆ ಹಿಡಿದಿಟ್ಟ ಸ್ಥಿತಿಯಿಂದ ಹತ್ತು ನಿಮಿಷದಲ್ಲಿ ಎಲ್ಲವೂ ಸರಿಹೋಗಿತ್ತು. "ದೈವವೇ ಕಾಪಾಡಿದ್ದು" ಎಂದರು ತಾಯಿ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಆದರೆ ಮುಂದಿನ ಸಂಕ್ರಮಣದ ದಿನ ಪ್ರಸಾದದ ಹೂವನ್ನು ಮೇಜಿನ ಮೇಲಿಟ್ಟು ಮೊದಲ ಕೆಲಸವಾಗಿ ಒಂದು ಸ್ನ್ಯಾಪ್‌ಶಾಟ್ ತೆಗೆದನು. ಅದರ ಮುಂದಿನ ತಿಂಗಳೂ ತೆಗೆದನು. ಹಳೆಯದನ್ನು ಸೇರಿಸಿ ಅಳಿಸಬೇಕೆಂದು ಗೊತ್ತಿತ್ತು, ಕೈ ಬರಲಿಲ್ಲ. ಮೊನ್ನೆಯ ಮಕರ ಸಂಕ್ರಮಣದ್ದು ಹದಿನೆಂಟನೆಯದು.

ಲೆಕ್ಕ ಹಾಕಿದರೆ, ಇನ್ನು ಇಪ್ಪತ್ತು ದಿನದಲ್ಲಿ ಜಾಗ ಮುಗಿಯುತ್ತಿತ್ತು. ಆಗ ಯಾರ ರಕ್ತದ ಗುಂಪು ಯಾವುದು, ಯಾರಿಗೆ ಯಾವ ಔಷಧ ಆಗದು ಎಂಬ ದಾಖಲೆಯೆಲ್ಲ ನಡುವಿನಲ್ಲಿ ನಿಂತುಹೋಗುತ್ತಿತ್ತು. ಅಷ್ಟರಲ್ಲಿ ಅವನು ಬದಿಯಡ್ಕದಲ್ಲಿ ಇರುತ್ತಿದ್ದನು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಅವನು ವೆಂಕಟಕೃಷ್ಣರ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದನು.

"ಇದನ್ನು ನೀನು ಹೇಳದಿದ್ರೆ ಎಂತ ಆಗ್ತಿತ್ತು?" ಎಂದು ಅವರು ಕೇಳಿದರು.

"ನಾನು ಹೋದ ಮೇಲೆ ನಿಲ್ತಿತ್ತು ಸರ್."

"ಅಂದ್ರೆ ನೀನು ಹೋದ್ರೆ ನಮ್ಮ ಕಥೆ ಮುಗೀತು ಅಂತ ನೀನೇ ಹೇಳಿದ ಹಾಗಾಯ್ತು. ಇಷ್ಟು ದಿವಸ ನನಿಗೆ ಸಂಶಯ ಇತ್ತು ಮಾರಾಯ. ಈಗ ಇಲ್ಲ."

"ಸರ್, ನಾಳೆ ಭಾನುವಾರ, ಒ.ಪಿ. ರೋಗಿಗಳಿಲ್ಲ. ದಾಖಲೆಯ ಯಂತ್ರ ಒಂದನ್ನು ನಿಲ್ಲಿಸಿ ಎಲ್ಲ ಸೇರಿಸಿಬಿಡ್ತೇನೆ. ಬೇರೆ ಎಂಟು ನಡೀತಾ ಇರ್ತದೆ. ಸೋಮವಾರ ಬೆಳಿಗ್ಗೆ ಆಗ್ಬಹುದು."

"ಆದ್ರೆ ಆಯ್ತು. ಅದು ಸರಿಯಾಗಿ ಎದ್ದು ಕೂತ ಮೇಲೆ ಕಪಾಟು ತೆಗೀತೇನೆ. ಅದಕ್ಕೆ ಮೊದಲು ಇಲ್ಲ. ನಾನೂ ಡೈರೆಕ್ಟರುಗಳಿಗೆ ಉತ್ತರ ಹೇಳ್ಬೇಕು."

ಹೀಗೆ ಅವನ ಹುದ್ದೆ ಅವನೇ ಪೇರಿಸಿಟ್ಟ ಹದಿನೆಂಟು ಪುಸ್ತಕಗಳ ಅಡಿಯಲ್ಲಿ ಸಿಕ್ಕಿಕೊಂಡಿತು. ಭಾನುವಾರ ಬೆಳಿಗ್ಗೆ ಏಳಕ್ಕೆ ಸೇರಿಸುವ ಕೆಲಸ ಆರಂಭವಾಯಿತು. ಒಮ್ಮೆ ಆರಂಭಿಸಿದರೆ ನಡುವೆ ನಿಲ್ಲಿಸುವಂತಿಲ್ಲ, ಅವಸರಿಸುವಂತೆಯೂ ಇಲ್ಲ. ಪರದೆಯ ಮೇಲೆ ಮೆಲ್ಲನೆ ತುಂಬುತ್ತಾ ಹೋಗುವ ಒಂದು ಪಟ್ಟಿ, ಅದರ ಬಳಿ ಶೇಕಡಾ ಎಷ್ಟು ಎಂಬ ಅಂಕೆ. ಮಧ್ಯಾಹ್ನಕ್ಕೆ ಹದಿನಾಲ್ಕು, ಸಂಜೆಗೆ ಇಪ್ಪತ್ತೊಂಬತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದು ನೋಡಿದರೆ ಎಪ್ಪತ್ತೊಂದು. ಹೊರಗೆ ಒ.ಪಿ.ಯಲ್ಲಿ ಜನ ತುಂಬಿದ್ದರು. ದಾಖಲೆ ವಿಭಾಗದ ನಮಿತಾ ಕಾಗದದ ಚೀಟಿಗಳಲ್ಲಿ ಹೆಸರು ಬರೆದು ಬರೆದು ಕೊಡುತ್ತಿದ್ದಳು. ಅವಳು ಏಳು ವರ್ಷದಿಂದ ಪಕ್ಕದ ಕೋಣೆಯಲ್ಲಿ ಕೆಲಸ ಮಾಡುವವಳು.

ಹನ್ನೆರಡಕ್ಕೆ ತೊಂಬತ್ತು. ಒಂದೂವರೆಗೆ ತೊಂಬತ್ತೊಂಬತ್ತು. ಆಮೇಲೆ ಅಂಕೆ ಅಲ್ಲಾಡಲಿಲ್ಲ.

ಎರಡು ಗಂಟೆಗೆ ನಮಿತಾ ಬಾಗಿಲಲ್ಲಿ ನಿಂತು ಇಣುಕಿದಳು. "ಎಂತ ಅಣ್ಣ, ಇನ್ನೂ ಒಂದೇ ಒಂದಾ?"

"ಒಂದೇ ಒಂದು."

"ಆ ಒಂದಕ್ಕೆ ಎಷ್ಟು ಹೊತ್ತು?"

"ಹತ್ತು ನಿಮಿಷ ಆಗ್ಬಹುದು. ನಾಳೆಯೂ ಆಗ್ಬಹುದು. ಅದು ಹೇಳುದಿಲ್ಲ."

"ನೀವು ಅದರ ಮುಖ ನೋಡಿ ಕೂತ್ರೆ ಬೇಗ ಆಗ್ತದಾ?"

"ಇಲ್ಲ. ನಾನು ಇಲ್ಲಿ ಕೂತು ಒಂದು ಪ್ರಯೋಜನವೂ ಇಲ್ಲ. ಮುಗಿದ ಮೇಲೆ ಯಂತ್ರವನ್ನು ಎಬ್ಬಿಸ್ಲಿಕ್ಕೆ ಒಬ್ಬರು ಬೇಕು, ಅಷ್ಟೇ."

"ಅದು ಎಷ್ಟು ಕಷ್ಟ?"

ಅವನು ಆರು ಸಾಲು ಹೇಳಿದನು, ಅವಳು ಚೀಟಿಯೊಂದರ ಹಿಂದೆ ಬರೆದುಕೊಂಡಳು. ಬರೆದದ್ದನ್ನು ಅವನಿಗೇ ಓದಿ ಹೇಳಿದಳು. ಹನ್ನೊಂದು ವರ್ಷದಲ್ಲಿ ಆ ಕೋಣೆಯ ಕೆಲಸವನ್ನು ಇನ್ನೊಬ್ಬರಿಗೆ ಹೇಳಿಕೊಟ್ಟದ್ದು ಅದೇ ಮೊದಲು. ಯಾರೂ ಹೇಳಿಕೊಡಲು ಹೇಳಿರಲಿಲ್ಲ, ಅವನೂ ಹೇಳಿಕೊಟ್ಟಿರಲಿಲ್ಲ. ಕಾಣದ ಯಂತ್ರಗಳಿಗೆಲ್ಲ ಬದಲಿ ವ್ಯವಸ್ಥೆ ಮಾಡಿಟ್ಟವನು ತನಗೆ ಮಾಡಿಕೊಳ್ಳಲು ಮರೆತಿದ್ದನು.

ಮೂರು ಗಂಟೆ ಐದು ನಿಮಿಷಕ್ಕೆ ಪಟ್ಟಿ ತುಂಬಿತು. ಹದಿನೆಂಟೂ ಕಳೆದು ಒಂದೇ ಪುಸ್ತಕ ಉಳಿಯಿತು. ವೆಂಕಟಕೃಷ್ಣರು ಬಂದರು. ಜಿತೇಂದ್ರ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡನು.

"ನೀನು ಮುಟ್ಟಬೇಡ," ಎಂದರು ಅವರು.

"ಎಂತಕ್ಕೆ ಸರ್?"

"ನೀನು ಎಬ್ಬಿಸಿದ್ರೆ ನಿನಗೆ ಗೊತ್ತುಂಟು ಅಂತ ಆಯ್ತು. ಅದು ನನಿಗೆ ಮೊದಲೇ ಗೊತ್ತುಂಟು. ನಾಳೆ ಇದು ಮಲಗಿದ್ರೆ? ಕೆಲಸ ಒಪ್ಪಿಸಿದ್ದಾನೆ ಅಂತ ನಾನು ಸಹಿ ಹಾಕ್ಬೇಕಲ್ಲ? ಯಾರಿಗೆ ಒಪ್ಪಿಸಿದ್ದೀ?"

"ನನಿಗೆ," ಎಂದಳು ನಮಿತಾ, ಚೀಟಿ ತೋರಿಸುತ್ತಾ.

ಅವರು ಅವಳನ್ನು ಒಂದು ಸಲ, ಚೀಟಿಯನ್ನು ಒಂದು ಸಲ ನೋಡಿದರು. "ಹಾಗಾದ್ರೆ ನೀನು ಎಬ್ಬಿಸು. ಇವನು ಹೊರಗೆ ನಿಲ್ಲಲಿ."

ಜಿತೇಂದ್ರ ಗಾಜಿನ ಬಾಗಿಲಿನ ಹೊರಗೆ ಹೋಗಿ ನಿಂತನು. ಅಷ್ಟು ವರ್ಷ ಒಳಗೆ ಸಿಕ್ಕಿಬಿದ್ದಿದ್ದವನಿಗೆ ಈಗ ಹೊರಗೆ ನಿಂತಿರುವುದು ಅದಕ್ಕಿಂತ ಕಷ್ಟವಾಯಿತಂತೆ. ಗಡಿಯಾರ ಮೂರು ಹನ್ನೆರಡು ತೋರಿಸುತ್ತಿತ್ತು. ಮೂರೂವರೆಯ ಬಸ್ಸು ತಪ್ಪಿದರೆ ಐದರೊಳಗೆ ಬದಿಯಡ್ಕ ತಲಪುವಂತಿರಲಿಲ್ಲ.

ನಮಿತಾ ಕುರ್ಚಿಯಲ್ಲಿ ಕುಳಿತುಕೊಳ್ಳಲಿಲ್ಲ.

"ಆಗ್ಬಹುದು ಸರ್," ಎಂದಳು. "ಮೊದಲು ಆ ಕಪಾಟು ತೆಗೀರಿ. ಎರಡು ಲಕೋಟೆ. ಅಣ್ಣನದ್ದೊಂದು, ನನ್ನದೊಂದು."

"ನಿನ್ನದು ಎಂತಕ್ಕೆ? ನೀನು ಎಲ್ಲಿಗೆ ಹೋಗ್ತೀ?"

"ಎಲ್ಲಿಗೂ ಇಲ್ಲ. ಆದ್ರೆ ಇದನ್ನು ಎಬ್ಬಿಸಿದ ಮೇಲೆ ಕೇಳಿದ್ರೆ ನೀವು ಕೊಡುದಿಲ್ಲ. ಇವರನ್ನು ನೋಡಿ ಗೊತ್ತಾಯ್ತು ನನಿಗೆ."

"ಹೊರಗೆ ಜನ ಕಾಯ್ತಾ ಇದ್ದಾರೆ ನಮಿತಾ."

"ಬೆಳಗ್ಗಿಂದ ಅವರಿಗೆ ಚೀಟಿ ಬರ್ದದ್ದು ನಾನೇ. ನನಿಗೆ ಗೊತ್ತುಂಟು. ಕಪಾಟು ಇಲ್ಲಿಂದ ಹದಿನೈದು ಹೆಜ್ಜೆ ಸರ್, ಮಾತಾಡುವ ಹೊತ್ತಿನಲ್ಲಿ ಹೋಗಿ ಬರ್ಬಹುದಿತ್ತು."

ವೆಂಕಟಕೃಷ್ಣರು ಕೆಟ್ಟವರಲ್ಲ. ಹೆದರಿದವರು. ಅವರಿಗೂ ಆ ಕೋಣೆಯನ್ನು ಬಿಟ್ಟರೆ ಗತಿಯಿರಲಿಲ್ಲ. ಒಳಗೆ ಏನಿದೆಯೆಂದು ತಿಳಿಯದೆ ಅದಕ್ಕೆ ಉತ್ತರಿಸಬೇಕಾದ ಮನುಷ್ಯ. ಅವರು ಹೋಗಿ ಎರಡು ಲಕೋಟೆ ತಂದರು. ನಮಿತಾ ತನ್ನದನ್ನು ಬ್ಯಾಗಿಗೆ ಹಾಕಿ, ಇನ್ನೊಂದನ್ನು ಬಾಗಿಲು ತೆರೆದು ಜಿತೇಂದ್ರನ ಕೈಗಿತ್ತಳು. ಆಮೇಲೆ ಕುಳಿತು, ಚೀಟಿಯ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ಆರೂ ಸಾಲು ಮಾಡಿ ಮುಗಿಸಿದಳು. ನಾಲ್ಕು ನಿಮಿಷ ಪರದೆ ಕಪ್ಪಾಗಿಯೇ ಇತ್ತು. ಗಾಜಿನಾಚೆ ಜಿತೇಂದ್ರನ ಕಾಲು ಬಸ್ಸಿನ ಕಡೆಗೆ, ಕಣ್ಣು ಪರದೆಯ ಕಡೆಗೆ. ನಂತರ ದಾಖಲೆಯ ಪುಟ ತೆರೆಯಿತು. ಅವಳು ಬೆಳಗ್ಗಿನ ಮೊದಲ ಚೀಟಿಯ ಹೆಸರನ್ನು ಹುಡುಕಿದಳು, ಸಿಕ್ಕಿತು.

"ಹೋಗಿ ಅಣ್ಣ," ಎಂದಳು ತಿರುಗಿ ನೋಡದೆಯೇ.

ವೆಂಕಟಕೃಷ್ಣರು ಬಿಡುಗಡೆಯ ಪತ್ರವನ್ನು ಗೋಡೆಗೆ ಹಿಡಿದೇ ಸಹಿ ಮಾಡಿದರು. ಅವನು ಓಡಿ ಬಸ್ಸು ಹತ್ತಿದನು. ಎಡನೀರು ದಾಟುವಾಗ ನಾಲ್ಕು ಗಂಟೆ. ನಾಲ್ಕು ಮೂವತ್ತೈದಕ್ಕೆ ಬದಿಯಡ್ಕದ ಕಚೇರಿಯಲ್ಲಿ ಲಕೋಟೆ ಬಿಚ್ಚಿದಾಗ ಒಳಗಿನ ಕಾಗದಗಳು ಹನ್ನೊಂದು ವರ್ಷದ ತೇವಕ್ಕೆ ಒಂದಕ್ಕೊಂದು ಅಂಟಿದ್ದವು. ಮೇಲಧಿಕಾರಿ ಒಂದು ಅಡಿಕೋಲಿನಿಂದ ಮೆಲ್ಲನೆ ಬಿಡಿಸಿ, ಒಂದೊಂದಾಗಿ ನೋಡಿ, ಹಾಜರಿ ಪುಸ್ತಕವನ್ನು ಮುಂದಿಟ್ಟರು.

ಮರುವಾರ ನನ್ನ ಮನೆಗೆ ಬಂದು ಇದನ್ನೆಲ್ಲ ಹೇಳಿದ್ದು ಅವನೇ. ಸಂತೋಷವಾಗಿದ್ದನೆ ಎಂದರೆ, ಪೂರ್ತಿ ಹೌದೆನ್ನಲಾರೆ. ತಾನು ಕುಳಿತಿದ್ದ ಕುರ್ಚಿಯಲ್ಲಿ ಇನ್ನೊಬ್ಬಳನ್ನು ಕೂರಿಸಿ ಬಂದೆನಲ್ಲ ಎಂಬುದು ಅವನನ್ನು ಕಾಡುತ್ತಿತ್ತು. ಈಗ ಎರಡನೆಯ ಶನಿವಾರಗಳಲ್ಲಿ ಅವನು ಆಸ್ಪತ್ರೆಗೆ ಹೋಗಿ ನಮಿತಾಳಿಗೂ, ಅವಳು ಹಠ ಹಿಡಿದು ಸೇರಿಸಿಕೊಂಡ ವಿಜೇತ್ ಎಂಬ ಇನ್ನೊಬ್ಬನಿಗೂ ಕಲಿಸುತ್ತಾನೆ. ವೆಂಕಟಕೃಷ್ಣರು ಪ್ರತಿ ತಿಂಗಳೂ ನಮಿತಾಳ ಹತ್ತಿರ, ಆ ಲಕೋಟೆ ಕಪಾಟಿನಲ್ಲಿದ್ದರೆ ಭದ್ರವಲ್ಲವೇ ಎಂದು ಕೇಳುವುದುಂಟಂತೆ.

"ಮನೆಯಲ್ಲಿ ಉಂಟು ಸರ್," ಎನ್ನುತ್ತಾಳಂತೆ ಅವಳು. "ನಾಳೆ ತರ್ತೇನೆ."