ಟೈರಿಗೆ ಎದ್ದ ಬುಗುಟು

ಕಾರಿನ ಟೈರುಗಳನ್ನು ಬಗ್ಗಿ ನೋಡುವ ಅಭ್ಯಾಸ ನನಗಿಲ್ಲ. ನನ್ನ ಪರಿಚಯದ ಯಾರಿಗೂ ಇಲ್ಲ. ದಿನಾ ಬೆಳಿಗ್ಗೆ ಕಾರು ಒರೆಸುವ ಭಯ್ಯಾನಿಗೆ ಇದ್ದರೂ ಇರಬಹುದು, ಆದರೆ ಅವನು ನೋಡಿದ್ದನ್ನು ಯಾರಿಗೂ ಹೇಳುವವನಲ್ಲ. ಹಾಗಾಗಿ ನಮ್ಮ ಕಾರಿನ ಎಡಗಡೆಯ ಹಿಂದಿನ ಟೈರಿನ ಪಕ್ಕೆಯಲ್ಲಿ ಏನೋ ಉಬ್ಬಿಕೊಂಡಿದೆ ಎಂಬುದು ನನಗೆ ಗೊತ್ತಾದದ್ದು ಕೊತ್ತಂಬರಿ ಸೊಪ್ಪಿನ ಕಟ್ಟೊಂದು ಕೈಜಾರಿ ಅದರ ಪಕ್ಕದಲ್ಲಿ ಬಿದ್ದದ್ದರಿಂದ. ಸೊಪ್ಪು ಎತ್ತಿಕೊಳ್ಳಲು ಬಗ್ಗಿದವನು ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿಕೊಂಡಿದ್ದೆ.

ಊದಿಕೊಳ್ಳುವುದಕ್ಕೆ ಕನ್ನಡದಲ್ಲಿ ಪದಗಳ ಬರವಿಲ್ಲ. ಕೀವು ತುಂಬಿದರೆ ಬಾವು, ಸುಟ್ಟರೆ ಬೊಬ್ಬೆ, ಕಾಲು ದಪ್ಪಗಾದರೆ ಊತ, ಬಾಗಿಲ ಚೌಕಟ್ಟಿಗೆ ಹಣೆ ಹೊಡೆದುಕೊಂಡರೆ ಬುಗುಟು. ನಮ್ಮ ಟೈರಿನದು ಈ ಕೊನೆಯ ಜಾತಿಯದು. ಹಿಂದಿನ ವಾರದ ಮಳೆಯಲ್ಲಿ ದೆಹಲಿಯ ಔಟರ್ ರಿಂಗ್ ರೋಡಿನ ಮೇಲೆ ನೀರು ನಿಂತಿತ್ತು. ನೀರಿನ ಕೆಳಗೆ ರಸ್ತೆ ಇದೆ ಎಂದು ನಾನು ನಂಬಿದ್ದೆ, ಇದ್ದದ್ದು ಗುಂಡಿ. ಕಾರು ಒಮ್ಮೆ ಧಡ್ ಎಂದು ಕುಳಿತು ಎದ್ದಿತು. ಪಕ್ಕದಲ್ಲಿದ್ದ ಹೆಂಡತಿ ಸುಧಾ ನನ್ನ ಕಡೆ ನೋಡಿದಳು. ನಾನು ರಸ್ತೆಯ ಕಡೆ ನೋಡಿದೆ. ಅಲ್ಲಿಗೆ ಆ ವಿಷಯ ಮುಗಿಯಿತು ಎಂದುಕೊಂಡಿದ್ದೆ.

ಟೈರು ಹಳೆಯದಾಗಿದ್ದರೆ ಯೋಚಿಸುವುದಕ್ಕೆ ಏನೂ ಇರುತ್ತಿರಲಿಲ್ಲ. ಅದು ಈ ವರ್ಷದ ಹೋಳಿ ಹಬ್ಬದ ಆಸುಪಾಸಿನಲ್ಲಿ ಹಾಕಿಸಿದ್ದು. ನೆಲಕ್ಕೆ ತಾಗುವ ಕಡೆ ಗೀರುಗಳು ಇನ್ನೂ ಆಳವಾಗಿ ನಳನಳಿಸುತ್ತಿದ್ದವು. ಎಲ್ಲಾ ಕಡೆ ಆರೋಗ್ಯವಾಗಿದ್ದು ಒಂದೇ ಒಂದು ಕಡೆ ನಿಂಬೆಹಣ್ಣಿನಷ್ಟು ಉಬ್ಬಿರುವ ವಸ್ತುವನ್ನು ಎಸೆಯುವುದೆಂದರೆ ನನ್ನಂಥವನಿಗೆ ಹಿಂಸೆ. ನಾನು ಕೇಂದ್ರ ಸರಕಾರದ ಒಂದು ಸಚಿವಾಲಯದಲ್ಲಿ ಕೆಲಸ ಮಾಡುವವನು. ಯಾವುದನ್ನಾದರೂ ತೆಗೆದುಹಾಕುವ ಮೊದಲು ನಾಲ್ಕು ಜನರ ಅಭಿಪ್ರಾಯ ಪಡೆಯಬೇಕು ಎಂಬುದು ನನ್ನ ರಕ್ತದಲ್ಲಿದೆ.

ಪಡೆದೆ. ಪಕ್ಕದ ಫ್ಲ್ಯಾಟಿನ ಭಾಟಿಯಾಜಿ ಟೈರಿಗೆ ಚಪ್ಪಲಿಯ ಕಾಲಿನಿಂದ ಒಮ್ಮೆ ಒದ್ದು, ಇನ್ನೂ ಒಂದು ವರ್ಷ ಆರಾಮಾಗಿ ಓಡುತ್ತದೆ ಎಂದರು. ಹಾಗಾದರೆ ಈ ಶನಿವಾರ ನಾವು ಇದರಲ್ಲೇ ವೃಂದಾವನಕ್ಕೆ ಹೊರಟಿದ್ದೇವೆ, ನೀವೂ ಬನ್ನಿ ಎಂದು ಕರೆದೆ. ಅವರಿಗೆ ಶನಿವಾರ ಬೇರೆ ಕೆಲಸವಿತ್ತು. ಆಫೀಸಿನ ತ್ರಿಪಾಠಿಯವರು ಫೋಟೋ ನೋಡಿ, ಅವಸರ ಬೇಡ, ಬೆಳೆಯುತ್ತಿದೆಯೇ ಎಂದು ಗಮನಿಸುತ್ತಿರಿ ಎಂದರು. ಟೈರಿನ ಅಂಗಡಿಯವನು ಫೋನಿನಲ್ಲಿ ಮಾತು ಮುಗಿಸಲೂ ಬಿಡದೆ, ಪಕ್ಕೆ ಉಬ್ಬಿದರೆ ಪ್ಯಾಚ್ ಹಾಕಲು ಬರುವುದಿಲ್ಲ, ಒಳಗಿನ ದಾರಗಳು ಹರಿದಿರುತ್ತವೆ, ಬದಲಾಯಿಸಲೇಬೇಕು ಎಂದ. ಅವನು ಟೈರು ಮಾರುವವನಾದ್ದರಿಂದ ಆ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾಲೇಜಿಗೆ ಹೋಗುವ ಮಗಳು ತನ್ವಿ ಮೊಬೈಲಿನಿಂದ ಅರೆಕ್ಷಣ ತಲೆ ಎತ್ತಿ, "ಅಪ್ಪಾ, ಯೇ ತೋ ಫಟೇಗಾ," ಅಂದಳು. ಇದು ಒಡೆದೇ ಒಡೆಯುತ್ತದೆ ಎಂದು ಅದರ ಅರ್ಥ. ಮಗಳಾದ್ದರಿಂದ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಉಳಿದದ್ದು ತ್ರಿಪಾಠಿಯವರ ಸಲಹೆ. ಅದು ನನಗೆ ಬಹಳ ಹಿಡಿಸಿತು, ಏಕೆಂದರೆ ಅದರಲ್ಲಿ ಏನೂ ಮಾಡಬೇಕಾಗಿರಲಿಲ್ಲ. ಬರವಣಿಗೆಯ ತಪ್ಪು ಅಳಿಸುವ ವೈಟ್ನರ್ ತಂದು ಉಬ್ಬಿನ ಸುತ್ತ ಅಚ್ಚುಕಟ್ಟಾಗಿ ಒಂದು ವೃತ್ತ ಬರೆದೆ. ಉಬ್ಬು ವೃತ್ತ ದಾಟಿದರೆ ಬೆಳೆಯುತ್ತಿದೆ ಎಂದರ್ಥ. ಆಮೇಲೆ ಕಾರನ್ನು ಆ ಬದಿ ಗೋಡೆಗೆ ತಾಗುವಂತೆ ನಿಲ್ಲಿಸಿದೆ, ಸುಧಾಳಿಗೆ ಸುಮ್ಮನೆ ಆತಂಕವಾಗಬಾರದೆಂದು. ರಥವೆಂದರೆ ಚಕ್ರವೋ ಅಚ್ಚೋ ನೊಗವೋ ಎಂದು ನಮ್ಮ ಹಿಂದಿನವರು ದೊಡ್ಡ ದೊಡ್ಡ ವಾದ ಮಾಡಿದ್ದಾರೆ. ಚಕ್ರಕ್ಕೆ ಬುಗುಟು ಎದ್ದರೆ ಪ್ರಯಾಣ ಹೊರಡಬಹುದೇ ಎಂದು ಯಾರೂ ಚರ್ಚಿಸಿದಂತಿಲ್ಲ. ಮರದ ಚಕ್ರಕ್ಕೆ ಆ ಸೌಲಭ್ಯ ಇರಲಿಲ್ಲ.

ವೃಂದಾವನದ ಪ್ರಯಾಣ ಸುಧಾಳ ಚಿಕ್ಕಮ್ಮನಿಗಾಗಿ. ಪದ್ಮಾವತಿ ಚಿಕ್ಕಮ್ಮ ದಾವಣಗೆರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಒಂಟಿ ಜೀವ. ವೃಂದಾವನ ನೋಡಬೇಕೆಂದು ಅವರು ಹೇಳುತ್ತಲೇ ಬಂದಿದ್ದರು. ಪ್ರತಿ ಸಲವೂ ರಜೆಯೋ, ಯಾರದೋ ಬಾಣಂತನವೋ ಅಡ್ಡ ಬರುತ್ತಿತ್ತು. ಈಗ ಕೊನೆಗೂ ದೆಹಲಿಗೆ ಬಂದು ಚಾಣಕ್ಯಪುರಿಯಲ್ಲಿ ಕರ್ನಾಟಕದವರಿಗೆಂದು ಇರುವ ಅತಿಥಿಗೃಹದಲ್ಲಿ ಇಳಿದಿದ್ದರು. ನಮ್ಮ ಮನೆಗೆ ಬನ್ನಿ ಎಂದರೆ, ನಿಮ್ಮ ಮನೆಯಲ್ಲಿ ಒಂದೇ ಬಚ್ಚಲು, ಬೆಳಿಗ್ಗೆ ಮೂರು ಜನ ಆಫೀಸು ಕಾಲೇಜು ಎಂದು ಓಡಾಡುವಾಗ ನಾನು ಅಡ್ಡ ನಿಲ್ಲುವುದಿಲ್ಲ ಎಂದಿದ್ದರು.

ಶನಿವಾರ ಬೆಳಿಗ್ಗೆ ನಾವು ಮೂವರೂ ಅತಿಥಿಗೃಹದ ಅಂಗಳ ತಲುಪಿದಾಗ ಚಿಕ್ಕಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ನಿಂಬೆಹಣ್ಣುಗಳ ಪೊಟ್ಟಣ. ದೂರದ ಪ್ರಯಾಣ, ಚಕ್ರದ ಕೆಳಗೆ ನಿಂಬೆಹಣ್ಣು ಇಡದೆ ಹೊರಡುವುದು ಬೇಡ ಎಂದರು. ಮುಂದಿನ ಎರಡು ಚಕ್ರಕ್ಕೆ ಇಟ್ಟರು. ಬಲಗಡೆ ಹಿಂದಿನದಕ್ಕೆ ಇಟ್ಟರು. ಎಡಗಡೆಗೆ ಬಂದು ಬಗ್ಗಿದವರು ಏಳಲಿಲ್ಲ.

"ಅಳಿಯಂದ್ರೇ, ಈ ಬಿಳೀದು ಗುಂಡಗೆ ಬರೆದಿದ್ದು ಯಾರು?"

"ನಾನೇ ಚಿಕ್ಕಮ್ಮ. ಬೆಳೀತಾ ಇದೆಯಾ ಅಂತ ನೋಡೋಕೆ."

"ಬೆಳೆದಿದೆಯಾ?"

ಉಬ್ಬು ವೃತ್ತವನ್ನು ಒಂದು ಕಡೆ ದಾಟಿತ್ತು. ಸ್ವಲ್ಪ, ಅಂದೆ.

"ಬೆಳೆದ್ರೆ ಏನು ಮಾಡಬೇಕು ಅಂತಿದ್ರಿ?"

ನನ್ನಲ್ಲಿ ಗಮನಿಸುವವರೆಗಿನ ಯೋಜನೆ ಮಾತ್ರ ಸಿದ್ಧವಾಗಿತ್ತು. ಚಿಕ್ಕಮ್ಮ ಉಬ್ಬಿನ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದರು. ಎಷ್ಟೋ ಹೊಟ್ಟೆಗಳ ಮೇಲೆ ಹಾಗೆ ಬೆರಳಿಟ್ಟ ಕೈ ಅದು. ತಮ್ಮ ವಾರ್ಡಿಗೂ ಇಂಥವರು ಬರುತ್ತಿದ್ದರು, ನೋವಿಲ್ಲವಲ್ಲ, ಇರಲಿ ಬಿಡಿ ಅನ್ನುತ್ತಿದ್ದರು ಎಂದು ಹೇಳಿ, ಉಳಿದ ಹಣ್ಣನ್ನು ಪೊಟ್ಟಣಕ್ಕೆ ವಾಪಸು ಹಾಕಿದರು.

"ಇದಕ್ಕೆ ನಿಂಬೆಹಣ್ಣು ಸಾಲದು. ಯಾರನ್ನ ಕೇಳಿದ್ರಿ ಇದರ ವಿಷಯ?"

ಭಾಟಿಯಾಜಿ, ತ್ರಿಪಾಠಿ, ಅಂಗಡಿಯವನು ಎಂದು ಹೇಳಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ಇವರಲ್ಲಿ ಈ ಕಾರಿನಲ್ಲಿ ಕೂರುವವರು ಯಾರು ಎಂದು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ. ಊಟ ಆಯಿತೇ ಎಂದು ಕೇಳುವ ದನಿ. "ಮೈನೇ ತೋ ಬೋಲಾ ಥಾ," ಎಂದಳು ತನ್ವಿ ಹಿಂದಿನ ಸೀಟಿನಿಂದ, ತಾನು ಆಗಲೇ ಹೇಳಿದ್ದೆನಲ್ಲ ಎಂದು. ಗೋಡೆಗೆ ತಾಗಿಸಿ ಕಾರು ನಿಲ್ಲಿಸುತ್ತಿದ್ದುದು ಏಕೆ ಎಂದು ಸುಧಾಳಿಗೆ ಆಗ ಹೊಳೆಯುತ್ತಿರುವುದನ್ನು ನಾನು ಅವಳ ಮುಖದಲ್ಲಿ ನೋಡಿದೆ. ಅದನ್ನು ಇನ್ನೊಂದು ಸಲ ನೋಡುವ ಆಸೆಯಿಲ್ಲ.

ಅಂಗಳದಲ್ಲಿ ಸರಕಾರಿ ಕಾರುಗಳ ಡ್ರೈವರುಗಳು ಚಹಾ ಕುಡಿಯುತ್ತಿದ್ದರು. ನಾನು ಜಾಕ್ ಹೊರಗೆ ತೆಗೆದದ್ದೇ ತಡ, ಎಲ್ಲರೂ ಬಂದು ಸುತ್ತ ನಿಂತರು. ಈ ಸಲ ನಾನು ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ, ಅವರು ಕೊಟ್ಟರು. ಒಬ್ಬರು ಓಡುತ್ತದೆ ಎಂದರು, ಇನ್ನೊಬ್ಬರು ತಮ್ಮ ಭಾವನ ಟೈರು ಹೀಗೆಯೇ ಹೈವೇ ಮೇಲೆ ಒಡೆದುಹೋದ ಕಥೆ ಹೇಳಿದರು. ಇಬ್ಬರೂ ಸೇರಿ ನಟ್ಟು ಬಿಚ್ಚಿಕೊಟ್ಟರು. ಸ್ಟೆಪ್ನಿಯಲ್ಲಿ, ಯಾವ ಪುಣ್ಯವೋ, ಗಾಳಿ ಇತ್ತು. ಅದನ್ನು ಹಾಕಿಕೊಂಡು ಹತ್ತಿರದ ಟೈರಿನ ಅಂಗಡಿಗೆ ಹೋಗಿ, ಅದು ಬಾಗಿಲು ತೆರೆಯುವವರೆಗೆ ಕಾದೆವು. ಚಿಕ್ಕಮ್ಮ ಅಂಗಡಿಯ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಆಪರೇಷನ್ ಕೋಣೆಯ ಹೊರಗೆ ಕುಳಿತವರಂತೆ ಕುಳಿತರು.

ಹಳೆಯ ಟೈರನ್ನು ರಿಮ್ಮಿನಿಂದ ಬಿಡಿಸಿ ಒಳಗಡೆ ತೋರಿಸಿದಾಗ ಉಬ್ಬಿದ್ದ ಜಾಗದಲ್ಲಿ ದಾರಗಳು ಬೆರಳುದ್ದ ಹರಿದು ಎಳೆ ಎಳೆಯಾಗಿ ನಿಂತಿದ್ದವು. ಹೊರಗಿನ ತೆಳ್ಳನೆಯ ರಬ್ಬರು ಒಂದೇ ಅಷ್ಟು ದಿನ ನಮ್ಮನ್ನು ಹೊತ್ತು ತಿರುಗಿತ್ತು. ನಾನು ಅದರೊಳಗೆ ಕೈಯಾಡಿಸಿದೆ. ಬೆಳಿಗ್ಗೆ ಅದೇ ಟೈರಿನಲ್ಲಿ ಹೊರಟಿದ್ದರೆ ಅಷ್ಟು ಹೊತ್ತಿಗೆ ನಾವು ಎಕ್ಸ್‌ಪ್ರೆಸ್‌ವೇಯ ಬಿಸಿ ಕಾಂಕ್ರೀಟಿನ ಮೇಲೆ ಇರುತ್ತಿದ್ದೆವು, ನಾಲ್ಕೂ ಜನ. ಕೈ ಹೊರಗೆ ತೆಗೆದೆ. ಚಿಕ್ಕಮ್ಮನೂ ಎದ್ದು ಬಂದು ಇಣುಕಿ ನೋಡಿದರು. ನಾನು ಹೇಳಿರಲಿಲ್ಲವೇ ಎಂಬ ಮಾತು ಬರಬಹುದೆಂದು ಕಾದೆ. ಅವರು, ಬಿಸಿಲು ಇನ್ನಷ್ಟು ಏರುವ ಮೊದಲು ಹೊರಡೋಣ ಎಂದಷ್ಟೇ ಹೇಳಿದರು.

ಹೊಸ ಟೈರು ಹಾಕಿಸಿಕೊಂಡು ಹೊರಟೆವು. ನೋಯ್ಡಾ ದಾಟುವುದರೊಳಗೆ ತನ್ವಿ ಕಿವಿಗೆ ಹಾಡು ತುರುಕಿಕೊಂಡು ಮಲಗಿದಳು. ನನ್ನೊಡನೆ ಮಾತು ಬಿಟ್ಟಿದ್ದ ಸುಧಾ, ಮಾತು ಬಿಟ್ಟಿದ್ದಾಗಲೇ ತೂಕಡಿಸಿದಳು. ಎಷ್ಟೋ ವರ್ಷ ಕಾದು ವೃಂದಾವನಕ್ಕೆ ಹೊರಟಿದ್ದ ಚಿಕ್ಕಮ್ಮ ದಾರಿಯನ್ನೆಲ್ಲ ಕಣ್ತುಂಬ ನೋಡುತ್ತಾರೆ ಎಂದುಕೊಂಡಿದ್ದೆ. ಕನ್ನಡಿಯಲ್ಲಿ ನೋಡಿದರೆ ಅವರೂ ಕಿಟಕಿಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದು ಗಾಢವಾಗಿ ನಿದ್ದೆ ಹೋಗಿದ್ದರು. ನನ್ನ ನಿರ್ಧಾರಗಳ ಬಗ್ಗೆ ಅಷ್ಟೆಲ್ಲ ತಿಳಿದುಕೊಂಡ ಮೇಲೂ ಮೂವರೂ ಹಾಗೆ ಮಲಗಿದ್ದರು.

ನಾನು ವೇಗ ಸ್ವಲ್ಪ ಇಳಿಸಿದೆ. ಹಿಂದಿನಿಂದ ಬಂದವರೆಲ್ಲ ಹಾರ್ನ್ ಹೊಡೆದು ಮುಂದೆ ಹೋದರು. ಹೋಗಲಿ ಎಂದು ಬಿಟ್ಟೆ. ಮಥುರಾ ಬರುವವರೆಗೂ ಏನೂ ಆಗಲಿಲ್ಲ. ಅಷ್ಟು ಚೆನ್ನಾಗಿ ಏನೂ ಆಗದೆ ಇದ್ದ ಪ್ರಯಾಣವನ್ನು ನಾನು ಬೇರೆ ನೋಡಿಲ್ಲ.