ಕೊಬ್ಬರಿ ಮಂಡಿಗೆ ಬಂದ ಬಾವುಟ

ತಿಪಟೂರಿನ ಕೊಬ್ಬರಿ ಮಂಡಿಯೊಂದಕ್ಕೆ ನಾನೇ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಒಂದು ಬೆಳಿಗ್ಗೆ ಮಂಡಿ ಯಜಮಾನರು ಫೋನ್ ಮಾಡಿ ಕೂಗಾಡಿದರು. ಹೋಗಿ ಮಂಡಿಯ ಕಂಪ್ಯೂಟರಿನಲ್ಲಿ ನೋಡಿದರೆ ಸೈಟಿನಲ್ಲಿದ್ದ ಕೊಬ್ಬರಿಯ ಫೋಟೊ ಮಾಯವಾಗಿ, ಪ್ಯಾಲೆಸ್ತೀನಿನ ಬಾವುಟ ಕೂತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು.

"ಏನು ಬರ್ದವ್ರೆ, ಓದು."

"ನಮ್ಮ ನೆಲ ಕಿತ್ಕೊಂಡಿದಾರೆ, ಲೋಕವೆಲ್ಲ ನೋಡಲಿ ಅಂತ."

ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಅನುಮಾನಿಸುವವರ ಹಾಗೆ ಮುಖ ಮಾಡಿದರು ಯಜಮಾನರು. "ಇದು ಪಕ್ಕದ ಟೈಲರ್ ಸಾಬರ ಕೆಲ್ಸ ಕಣಪ್ಪ."

"ಅಲ್ಲ ಸಾರ್, ಎಲ್ಲೋ ದೂರದ ಹುಡುಗರು. ಅವರ ಮಾತು ಯಾರೂ ಕೇಳಲ್ಲ ಅಂತ, ಬಾಗಿಲು ಸಡಿಲ ಇರೋ ಸೈಟಿಗೆಲ್ಲ ನುಗ್ಗಿ ಬಾವುಟ ಹಾಕ್ತಾರೆ."

"ಮತ್ತೆ ನೆಲದ ಮಾತು ಯಾಕೆ ಬಂತು? ಗೋಡೌನ್ ಕಟ್ಟುವಾಗ ಅವನ ಹಿತ್ಲು ಒಂಚೂರು ನಮ್ಮೊಳಕ್ಕೆ ಬಂತು, ನಿಜ. ಅದ್ಕೆ ಹಿಂಗಾ ಮಾಡೋದು?"

ಹಿತ್ತಲಿನ ವಿಷಯ ನಾನು ಕೇಳಿಯೇ ಇರಲಿಲ್ಲ.

ಟೈಲರನ್ನು ಕರೆಸಿದರು. ಅವರು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದರು. ನಾನು ನಡೆದದ್ದು ಹೇಳಿದೆ.

"ಇದ್ರಲ್ಲಿ ಬರೆದ್ರೆ ಊರಿಗೆಲ್ಲ ಕಾಣ್ತದಾ ಸಾರ್?"

"ಲೋಕಕ್ಕೇ ಕಾಣುತ್ತೆ."

ಅವರು ಗೋಡೌನಿನ ಗೋಡೆಯನ್ನು ಒಮ್ಮೆ ನೋಡಿದರು. "ಕಲಿಯೋದು ಕಷ್ಟಾನಾ?"

ಯಜಮಾನರು ಎದ್ದು ಹೋಗಿ ಮೈನ್ ಸ್ವಿಚ್ಚನ್ನೇ ಆರಿಸಿದರು.

ಆಮೇಲೆ ಸೈಟ್ ಸರಿಮಾಡಿಕೊಟ್ಟೆ. "ಇನ್ನು ಯಾರೂ ಒಳಗೆ ನುಗ್ಗಲ್ಲ ತಾನೆ?" ಎಂದು ಯಜಮಾನರು ಮತ್ತೆ ಮತ್ತೆ ಕೇಳಿದರು. ಇನ್ನೊಬ್ಬರ ಜಾಗಕ್ಕೆ ನುಗ್ಗುವುದು ತಪ್ಪೆಂದು ಅವರಿಗೆ ಇಷ್ಟು ಚೆನ್ನಾಗಿ ಗೊತ್ತಿದೆಯಲ್ಲ ಎಂದು ಸಂತೋಷಪಟ್ಟೆ.